ಕುಳಿತು ಮಾಡುವ ಕೆಲಸ

ಅಪಘಾತ ನಡೆದು ಎರಡು ವರ್ಷ ದಾಟಿದ ಮೇಲೆ ಆ ಫೈಲು ನನ್ನ ಮೇಜಿಗೆ ಬಂತು. ನಾನು ತುಮಕೂರಿನವಳು. ಆಗ ವಿಮಾ ಕಂಪನಿಯ ಕೊಯಮತ್ತೂರು ಕಚೇರಿಯಲ್ಲಿ, ನಮ್ಮಲ್ಲಿ ವಿಮೆ ಮಾಡಿಸಿದ ವಾಹನಗಳಿಂದ ಗಾಯಗೊಂಡವರ ಪರಿಹಾರದ ಅರ್ಜಿಗಳನ್ನು ನೋಡುತ್ತಿದ್ದೆ. ನನಗಿಂತ ಮುಂಚೆ ಇದ್ದ ಅಧಿಕಾರಿ ಫೈಲಿನ ಮೇಲೆ ಪೆನ್ಸಿಲಿನಲ್ಲಿ ‘ಆದಾಯಕ್ಕೆ ಪುರಾವೆ ಇಲ್ಲ’ ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು ಹೋಗಿದ್ದರು.

ಗಾಯಗೊಂಡವರು ಪೊಳ್ಳಾಚಿ ಬಳಿಯ ನೆಗಮಂ ಎಂಬ ಊರಿನ ಒಬ್ಬ ನೇಕಾರ ಹೆಂಗಸು. ಅಪಘಾತದ ದಿನ ಅವರಿಗೆ ಮೂವತ್ತೆಂಟು ವರ್ಷ. ಗಂಡನ ಕಣ್ಣಿನ ಔಷಧಿ ತರಲು ಪೊಳ್ಳಾಚಿಗೆ ಹೋಗಿದ್ದರು. ವಾಪಸು ಬಂದು ಬಸ್ಸಿಳಿದು ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದಾಗ ಕಾರೊಂದು ಡಾಂಬರು ಬಿಟ್ಟು ಮಣ್ಣಿಗಿಳಿದು ಅವರಿಗೆ ಬಡಿದಿತ್ತು. ಕಾರು ಓಡಿಸುತ್ತಿದ್ದವನು ತೂಕಡಿಸಿದ್ದೆನೆಂದು ಪೊಲೀಸರ ಮುಂದೆ ಒಪ್ಪಿಕೊಂಡಿದ್ದ. ಬಲತೊಡೆಯ ಮೂಳೆ ಮಂಡಿಯ ಹತ್ತಿರ ಮೂರು ತುಂಡಾಗಿತ್ತು. ಎರಡು ಆಪರೇಷನ್, ಒಂದು ಪ್ಲೇಟು, ಒಂಬತ್ತು ಸ್ಕ್ರೂ. ಮೂಳೆ ಕೂಡಿಕೊಂಡಿತು, ಆದರೆ ಮಂಡಿ ಮಡಚುವುದು ನಿಂತುಹೋಯಿತು. ತಪ್ಪು ಯಾರದೆಂಬ ಜಗಳ ಇರಲಿಲ್ಲ. ಎಷ್ಟು ಕೊಡಬೇಕು ಎಂಬುದಷ್ಟೇ ಉಳಿದಿತ್ತು.

ಆ ‘ಎಷ್ಟು’ ಹೇಗೆ ಹುಟ್ಟುತ್ತದೆ ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಗಾಯಗೊಂಡವರ ತಿಂಗಳ ಗಳಿಕೆ ತೆಗೆದುಕೊಳ್ಳುತ್ತೇವೆ. ದುಡಿಯುವ ವಯಸ್ಸು ಇನ್ನೂ ಇದ್ದರೆ ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಗೆಂದು ಒಂದು ಪಾಲು ಸೇರಿಸುತ್ತೇವೆ. ಅದನ್ನು ವರ್ಷಕ್ಕೆ ಹಿಗ್ಗಿಸಿ, ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತೇವೆ; ಮೂವತ್ತೆಂಟಕ್ಕೆ ಗುಣಕ ಹದಿನೈದು. ಬಂದ ಮೊತ್ತದಲ್ಲಿ, ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋಯಿತೋ ಅಷ್ಟು ಅವರಿಗೆ ಸಲ್ಲುತ್ತದೆ. ಆಸ್ಪತ್ರೆಯ ಬಿಲ್ಲು, ನೋವಿಗೆಂದು ಒಂದಿಷ್ಟು, ನೋಡಿಕೊಂಡವರ ಖರ್ಚೆಂದು ಒಂದಿಷ್ಟು, ಇವೆಲ್ಲ ಬೇರೆ ಸಾಲುಗಳು. ಗಳಿಕೆಯನ್ನೂ ಶೇಕಡಾವಾರನ್ನೂ ಎಷ್ಟು ಕೆಳಗೆ ಹಿಡಿಯಬಹುದೋ ಅಷ್ಟು ಹಿಡಿಯುವುದು ನನ್ನ ಕೆಲಸವಾಗಿತ್ತು. ಅದನ್ನು ನಾನು ಚೆನ್ನಾಗಿಯೇ ಮಾಡುತ್ತಿದ್ದೆ.

ಮೊದಲು ಗಳಿಕೆ. ಆಕೆ ನೇಯ್ದ ಸೀರೆಗಳು ಒಂದು ನೇಕಾರರ ಸಂಘಕ್ಕೆ ಹೋಗುತ್ತಿದ್ದವು. ಸಂಘದ ಪಾಸ್‌ಬುಕ್ಕನ್ನು ಅವರ ವಕೀಲ ಹಾಜರುಪಡಿಸಿದ್ದ. ತಿಂಗಳಿಗೆ ಹತ್ತು ಹತ್ತೂವರೆ ಸಾವಿರ ಕೂಲಿ ಜಮೆಯಾದದ್ದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಪಾಸ್‌ಬುಕ್ಕು ಗಂಡನ ಹೆಸರಿನಲ್ಲಿತ್ತು. ಸದಸ್ಯತ್ವ ಅವನದು, ಸಹಿಯೂ ಅವನದು. ಚಿಕ್ಕಂದಿನಿಂದ ಕಣ್ಣು ಮಂಜಾಗಿದ್ದ ಆತ ನೇಯುತ್ತಿರಲಿಲ್ಲ. ಕದಿರಿಗೆ ನೂಲು ಸುತ್ತಿ, ಹಾಸಿನ ಎಳೆ ಹೊಂದಿಸಿ ಕೊಡುತ್ತಿದ್ದ, ಹೆಂಡತಿ ನೇಯುತ್ತಿದ್ದಳು. ಇದನ್ನೆಲ್ಲ ನಾನು ಅರ್ಥ ಮಾಡಿಕೊಂಡೆ. ಅರ್ಥವಾದ ಮೇಲೂ, ಇದು ಅರ್ಜಿದಾರಳ ಆದಾಯವಲ್ಲ, ಗಂಡನ ಆದಾಯ ಎಂದು ಆಕ್ಷೇಪಣೆ ಬರೆದೆ.

ಆಮೇಲೆ ಶೇಕಡಾವಾರು. ಸರ್ಕಾರಿ ಆಸ್ಪತ್ರೆಯ ವೈದ್ಯರ ಮಂಡಳಿ ಬಲಗಾಲಿಗೆ ನಲವತ್ತು ಎಂದು ಪ್ರಮಾಣಪತ್ರ ಕೊಟ್ಟಿತ್ತು. ಒಂದು ಕಾಲಿಗೆ ನಲವತ್ತಾದರೆ ಇಡೀ ದೇಹಕ್ಕೆ ಇಪ್ಪತ್ತು ಎಂದು ನಮ್ಮ ಕಡೆಯಿಂದ ಅರ್ಧಕ್ಕಿಳಿಸುವುದು ರೂಢಿ. ಅದಕ್ಕೆ ಕಾರಣವೊಂದನ್ನು ಬರೆಯಬೇಕು. ನಾನು ಬರೆದ ಷರಾ ಇಂದಿಗೂ ಅಕ್ಷರಕ್ಕಕ್ಷರ ನೆನಪಿದೆ: ‘ಅರ್ಜಿದಾರಳ ವೃತ್ತಿ ನೇಕಾರಿಕೆ. ಅದು ಕುಳಿತು ಮಾಡುವ ಕೆಲಸ. ಕಾಲಿನ ಗಾಯದಿಂದ ಗಳಿಕೆಗೆ ಹೆಚ್ಚಿನ ಬಾಧೆಯಿಲ್ಲ.’ ಇದನ್ನು ಬರೆಯುವಾಗ ನಾನು ಒಂದೇ ಒಂದು ಮಗ್ಗವನ್ನು ಹತ್ತಿರದಿಂದ ನೋಡಿದವಳಲ್ಲ.

ಪೊಳ್ಳಾಚಿಯ ನ್ಯಾಯಾಲಯದಲ್ಲಿ ಪಾಟೀಸವಾಲಿನ ದಿನ ನಾನೂ ಹೋಗಿದ್ದೆ. ಆಕೆ ಊರುಗೋಲು ಹಿಡಿದು, ಬಲಗಾಲನ್ನು ಪಕ್ಕದಿಂದ ಸುತ್ತಿಸಿ ಎಳೆದುಕೊಂಡು ಕಟಕಟೆಗೆ ಬಂದರು. ಗಿಡ್ಡನೆಯ ದೇಹ, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ಕೂದಲು. ಕೂರಲು ಕುರ್ಚಿ ಕೊಡಿಸಿದಾಗ ಕಾಲು ಮಡಚದೆ ಕಟಕಟೆಯ ಹಲಗೆಗೆ ತಾಗಿತು. ಅಂಚಿಗೆ ಸರಿದು, ಒರಗಿದ ಹಾಗೆ ಕುಳಿತರು. ನಮ್ಮ ವಕೀಲರು ಹಿರಿಯರು, ಎಂದೂ ದನಿಯೇರಿಸುವವರಲ್ಲ. ತಮಿಳಿನಲ್ಲಿ ನಿಧಾನವಾಗಿ ಕೇಳುತ್ತ ಹೋದರು. ಪಾಸ್‌ಬುಕ್ಕು ಯಾರ ಹೆಸರಿನಲ್ಲಿದೆ? ಗಂಡನ ಹೆಸರಿನಲ್ಲಿ. ಈಗ ಎರಡು ಕೈಯೂ ಸರಿಯಾಗಿವೆಯಲ್ಲವೇ? ಸರಿಯಾಗಿವೆ. ಕೊನೆಗೆ ನನ್ನ ಷರಾದಿಂದ ಎತ್ತಿಕೊಂಡ ಪ್ರಶ್ನೆ: ನೇಯುವಾಗ ನೀವು ಕುಳಿತೇ ನೇಯುವುದಲ್ಲವೇ?

ಆಕೆ ಹೌದು ಎಂದರು. ಹೇಳಿ, ಇನ್ನೂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಮ್ಮ ವಕೀಲರು ಪ್ರಶ್ನೆ ಮುಗಿಯಿತು ಎಂದು ಕುಳಿತುಬಿಟ್ಟಿದ್ದರು. ಬೆರಳಚ್ಚಿನಲ್ಲಿ ‘ಹೌದು’ ಎಂಬುದಷ್ಟೇ ಮೂಡಿತು. ಅವರ ಕಡೆಯ ವಕೀಲ ಎಳೆಯ ವಯಸ್ಸಿನವನು; ಮರುವಿಚಾರಣೆ ಇದೆಯೇ ಎಂದು ನ್ಯಾಯಾಧೀಶರು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದ. ಅವನೂ ಮಗ್ಗ ನೋಡಿದವನಲ್ಲವೆಂದು ಕಾಣುತ್ತದೆ.

ಆರು ತಿಂಗಳ ನಂತರ ಪ್ರಕರಣ ಲೋಕ ಅದಾಲತ್ತಿಗೆ ಬಂತು. ಅಲ್ಲಿ ಎರಡೂ ಕಡೆಯವರು ಎದುರು ಬದುರು ಕುಳಿತು ಒಂದು ಮೊತ್ತಕ್ಕೆ ಒಪ್ಪಿ ಸಹಿ ಹಾಕಿದರೆ ಅಲ್ಲಿಗೆ ಮುಗಿಯಿತು, ಮೇಲ್ಮನವಿ ಇಲ್ಲ. ಮೇಲಧಿಕಾರಿ ನನಗೆ ಹನ್ನೆರಡು ಲಕ್ಷದವರೆಗೆ ಒಪ್ಪುವ ಅಧಿಕಾರ ಕೊಟ್ಟು ಕಳಿಸಿದ್ದರು. ಒಂಬತ್ತರ ಆಸುಪಾಸಿನಲ್ಲಿ ಮುಗಿದರೆ ಒಳ್ಳೆಯದು ಎಂಬ ಮಾತನ್ನೂ ಸೇರಿಸಿದ್ದರು.

ನಮ್ಮ ವಕೀಲರು ಆರರಿಂದ ಶುರು ಮಾಡಿದರು. ಆ ಹುಡುಗ ವಕೀಲ ಹದಿನೈದು ಕೇಳಿದ. ನಾವು ಏಳಕ್ಕೆ ಏರಿದೆವು. ಅವನು ಗಂಡ ಹೆಂಡತಿ ಇಬ್ಬರಿಗೂ ಪಕ್ಕಕ್ಕೆ ಹೋಗಿ ಮಾತಾಡಿಕೊಂಡು ಬರಲು ಹೇಳಿದ. ಅವರು ಬಹಳ ದೂರ ಹೋಗಲಿಲ್ಲ. ಆಕೆಗೆ ನಡೆಯುವುದು ಕಷ್ಟವಾಗಿತ್ತು. ನನ್ನ ಬೆನ್ನ ಹಿಂದಿದ್ದ ಕಿಟಕಿಯ ಹತ್ತಿರ ನಿಂತು ಮಾತಾಡತೊಡಗಿದರು.

ಕನ್ನಡದಲ್ಲಿ ಮಾತಾಡಿದರು.

ತಮಿಳಿನ ಏರಿಳಿತದಲ್ಲಿ, ಅರ್ಧ ತಮಿಳು ಪದಗಳೊಂದಿಗೆ, ಆದರೆ ಕನ್ನಡ. ಆ ಕಡೆಯ ಎಷ್ಟೋ ನೇಕಾರರ ಮನೆಮಾತು ಕನ್ನಡವೆಂದು ಕೇಳಿದ್ದೆ, ಕಿವಿಗೆ ಬಿದ್ದದ್ದು ಅದೇ ಮೊದಲು. ಕೋರ್ಟಿನಲ್ಲಿ ಯಾರಿಗೂ ತಿಳಿಯದಿರಲೆಂದೇ ಅವರು ಮನೆಯ ಮಾತಿಗೆ ಹೊರಳಿದ್ದರು. ನಾನು ಬೆಳಗಿನಿಂದ ಎಲ್ಲರೊಂದಿಗೂ ತಮಿಳಿನಲ್ಲೇ ವ್ಯವಹರಿಸಿದ್ದೆ.

ಗಂಡ, ವಕೀಲರು ಹನ್ನೆರಡಾದರೂ ಬರುತ್ತದೆ ಅಂದಿದ್ದಾರೆ, ಇನ್ನೊಂದಿಷ್ಟು ಕಾಯೋಣ ಎಂದ.

“ಬರ್ತದೆ ಬರ್ತದೆ ಅಂತಲೇ ಮೂರು ವರ್ಷ ಆಗೋಯ್ತು” ಎಂದರು ಆಕೆ. “ಈ ಮೆಟ್ಲು ಹತ್ತಿ ಇಳಿಯೋ ತೆಂಬು ನಂಗಿಲ್ಲ. ಎಂಟು ಕೊಟ್ರೆ ಪೋದುಂ, ಒಪ್ಕಂಬುಡಣ. ಮಗೀನ ತಿರ್ಗಾ ಕಾಲೇಜಿಗೆ ಸೇರ್ಸಿದ್ರೆ ನಂಗದೇ ಸಾಕು.”

ತೆಂಬು ಎಂದರೆ ತಮಿಳಿನಲ್ಲಿ ಶಕ್ತಿ, ಪೋದುಂ ಎಂದರೆ ಸಾಕು. ನನಗೆ ಒಂದು ಪದವೂ ತಪ್ಪಲಿಲ್ಲ. ಮಗಳ ವಿಷಯ ಫೈಲಿನಲ್ಲಿ ಒಂದು ಸಾಲಿನಷ್ಟಿತ್ತು. ಪೊಳ್ಳಾಚಿಯಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿದ್ದವಳು ತಾಯಿ ಆಸ್ಪತ್ರೆಯಲ್ಲಿದ್ದಾಗ ಓದು ಬಿಟ್ಟು ತಿರುಪ್ಪೂರಿನ ಬನಿಯನ್ ಕಂಪನಿಯೊಂದಕ್ಕೆ ಸೇರಿ, ಅಲ್ಲಿನ ಹಾಸ್ಟೆಲಿನಲ್ಲಿದ್ದಳು. ಅದಕ್ಕೆ ನಮ್ಮ ಲೆಕ್ಕದಲ್ಲಿ ಯಾವ ಸಾಲೂ ಇಲ್ಲ.

ಅವರು ಮೇಜಿಗೆ ಮರಳಿದರು. ಹುಡುಗ ವಕೀಲ ಅವರ ಕಿವಿಮಾತು ಕೇಳಿಸಿಕೊಂಡು, ಜಾಣತನದಿಂದಲೇ, ಎಂಟು ಎನ್ನದೆ ಹತ್ತಕ್ಕೆ ಮುಗಿಸೋಣ ಎಂದ. ನಮ್ಮ ವಕೀಲರು ನನ್ನ ಮುಖ ನೋಡಿದರು. ಹತ್ತು ನನ್ನ ಮಿತಿಯೊಳಗೇ ಇತ್ತು. ಐದು ನಿಮಿಷದ ಹಿಂದೆ ಕೇಳಿದ್ದರೆ ಹೂಂ ಎಂದುಬಿಡುತ್ತಿದ್ದೆ. ಈಗ ನನಗೆ ಎಂಟು ಎಂಬುದು ಗೊತ್ತಿತ್ತು. ನನಗೂ ಕನ್ನಡ ಬರುತ್ತದೆ ಎಂದು ಹೇಳಬೇಕೆನಿಸಿತು, ಅದೂ ನಿಜ. ನಾನು ಹೇಳಲಿಲ್ಲ. ಎಂಟೂವರೆ, ಒಪ್ಪಿದರೆ ಇವತ್ತೇ ಸಹಿ, ಇಲ್ಲವಾದರೆ ತೀರ್ಪಿಗೇ ಹೋಗಲಿ ಎಂದು ತಮಿಳಿನಲ್ಲಿ ಹೇಳಿ ಫೈಲು ಮುಚ್ಚಿದೆ.

ಆಕೆ ಗಂಡನ ತೋಳು ಮುಟ್ಟಿದರು. ಅವನು ತಲೆಯಾಡಿಸಿದ. ಸಹಿಗಳಾದವು. ಆಕೆ ಎದ್ದು, ಊರುಗೋಲನ್ನು ಕಂಕುಳಿಗೆ ಒತ್ತಿಕೊಂಡು ನನಗೆ ಕೈಮುಗಿದರು. ಅವರು ಒಪ್ಪುತ್ತಿದ್ದುದಕ್ಕಿಂತ ಐವತ್ತು ಸಾವಿರ ಜಾಸ್ತಿಯೇ ಕೊಟ್ಟೆನಲ್ಲ ಎಂದುಕೊಂಡು ನಾನೂ ಕೈಮುಗಿದೆ. ಕೊಯಮತ್ತೂರಿಗೆ ಮರಳುವ ಬಸ್ಸಿನಲ್ಲಿ ಕೂತಾಗ ನನ್ನ ಬಗ್ಗೆ ನನಗೆ ತೃಪ್ತಿಯೇ ಇತ್ತು. ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಮರುದಿನ ಮೇಲಧಿಕಾರಿ ಬೇರೆಯವರ ಎದುರಿಗೆ ನನ್ನನ್ನು ಹೊಗಳಿದರು.

ಹಣ ಜಮೆ ಮಾಡುವಾಗ ಒಂದು ತೊಡಕಾಯಿತು. ಆಧಾರ್ ಕಾರ್ಡಿನಲ್ಲಿ ಆಕೆಯ ಹೆಸರಿನ ಮುಂದೆ ತಂದೆಯ ಇನಿಶಿಯಲ್ ಇತ್ತು, ಬ್ಯಾಂಕಿನ ಪುಸ್ತಕದಲ್ಲಿ ಗಂಡನದು. ಎರಡೂ ಹೆಸರು ಒಬ್ಬರದೇ ಎಂಬ ಹೇಳಿಕೆಗೆ ಆಕೆಯ ಸಹಿ ಬೇಕಾಗಿತ್ತು. ಹುಡುಗ ವಕೀಲ ಇವತ್ತು ನಾಳೆ ಎನ್ನುತ್ತ ಎರಡು ವಾರ ತಳ್ಳಿದ. ಕಾಲೇಜಿನ ಪ್ರವೇಶ ಮುಗಿಯುತ್ತ ಬಂದಿತ್ತು. ಆ ಮಾತು ನನ್ನ ಕಿವಿಯಲ್ಲಿ ಉಳಿದುಬಿಟ್ಟಿದ್ದರಿಂದಲೇ ಇರಬೇಕು, ಬೇರೊಂದು ಕೇಸಿಗೆ ಪೊಳ್ಳಾಚಿಗೆ ಹೋದ ದಿನ ನಾನೇ ಆ ಕಾಗದ ಹಿಡಿದು ನೆಗಮಂಗೆ ಹೋದೆ.

ನೇಕಾರರ ಬೀದಿ ಕೇಳಿಕೊಂಡು ಹೋದಾಗ ಅಕ್ಕಪಕ್ಕದ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ಅವರ ಮನೆಯಿಂದ ಮಾತ್ರ ಸದ್ದಿರಲಿಲ್ಲ. ಬಾಗಿಲ ಮುಂದೆ ಅರ್ಧ ಲೋಡು ಮರಳು ಬಿದ್ದಿತ್ತು. ಮಗ್ಗದ ಮರಗಳನ್ನು ಬಿಚ್ಚಿ ಜಗಲಿಯ ಗೋಡೆಗೆ ಒರಗಿಸಿದ್ದರು. ಒಳಗೆ ಇದ್ದದ್ದೇ ಒಂದು ಉದ್ದನೆಯ ಕೋಣೆ. ಅದರ ಅರ್ಧಭಾಗದ ನೆಲದಲ್ಲಿ ಸೊಂಟದಷ್ಟು ಆಳದ ಗುಂಡಿ. ಗಾರೆಯವನೊಬ್ಬ ಬಾಂಡ್ಲಿಯಲ್ಲಿ ಮರಳು ತಂದು ಅದಕ್ಕೆ ಸುರಿಯುತ್ತಿದ್ದ. ಗಂಡ ಗೋಡೆ ಹಿಡಿದುಕೊಂಡು ನಿಂತಿದ್ದ.

ಇದೇನು ಎಂದು ತಮಿಳಿನಲ್ಲಿ ಕೇಳಿದೆ. ನನ್ನನ್ನು ಕಂಡು ಆಕೆಗೆ ಸಂಕೋಚವೂ ಸಂತೋಷವೂ ಆದ ಹಾಗಿತ್ತು. ಗುಂಡಿ ಮಗ್ಗ ಮೇಡಂ, ಹೋದ ತಿಂಗಳು ನೀರು ಕುಡಿಯಲು ಎದ್ದವಳು ಕಾಲು ಜಾರಿ ಇದರೊಳಗೆ ಬಿದ್ದೆ, ಮತ್ತೊಂದು ಸಲ ಬಿದ್ದರೆ ಪ್ಲೇಟು ಕದಲುತ್ತದೆ ಎಂದು ಡಾಕ್ಟರು ಹೆದರಿಸಿದರು, ಅದಕ್ಕೇ ಮುಚ್ಚಿಸುತ್ತಿದ್ದೇವೆ ಎಂದರು. ಆಮೇಲಾದರೂ ಮತ್ತೆ ನೇಯಬಹುದಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದೆ.

ಆಕೆ ಊರುಗೋಲು ಬದಿಗಿಟ್ಟು, ಕೈಯೂರಿ ಗುಂಡಿಯ ಅಂಚಿನಲ್ಲಿ ಕುಳಿತರು. ಎಡಗಾಲು ಕೆಳಗಿಳಿದು ಮರಳಿನ ಮೇಲೆ ನಿಂತಿತು. ಬಲಗಾಲು ಇಳಿಯಲಿಲ್ಲ. ನೆಲದ ಮೇಲೆ, ಗುಂಡಿಗೆ ಅಡ್ಡವಾಗಿ, ನೆಟ್ಟಗೆ ಚಾಚಿಕೊಂಡೇ ಇತ್ತು. ಎಡಗಾಲಿನಿಂದ ಒಮ್ಮೆ, ಕೈಯಿಂದ ಬಲತೊಡೆಯನ್ನು ಒತ್ತಿ ಒಮ್ಮೆ, ಗುಂಡಿಯ ತಳದಲ್ಲಿರುತ್ತಿದ್ದ ಎರಡು ಹಲಗೆಗಳನ್ನು ಹೀಗೆ ತುಳಿಯಬೇಕು ಎಂದು ತೋರಿಸಿದರು. ಒಂದು ಕಾಲು ತುಳಿದರೆ ಅರ್ಧ ಎಳೆಗಳು ಮೇಲೇಳುತ್ತವೆ, ಇನ್ನೊಂದು ತುಳಿದರೆ ಉಳಿದರ್ಧ. ಎರಡೂ ಮಡಚಿ ತುಳಿಯದೆ ಲಾಳಿ ಹಾಯಲು ದಾರಿಯೇ ಆಗುವುದಿಲ್ಲ. ದಿನಕ್ಕೆ ಎಷ್ಟು ಸಲ ತುಳಿಯುತ್ತೀರಿ ಎಂದು ಕೇಳಿದೆ. ಯಾರು ಎಣಿಸಿದರು ಮೇಡಂ ಎಂದು ನಕ್ಕರು.

ಆಮೇಲೆ ಗಂಡನ ಕಡೆ ತಿರುಗಿ, ನನಗಲ್ಲ, ಅವನಿಗೆ, ಕನ್ನಡದಲ್ಲಿ ಹೇಳಿದರು: “ಕೋರ್ಟಲ್ಲಿ ಕುಂತ್ಕಂಡು ನೇಯೋದಾ ಅಂತ ಕೇಳಿದ್ರು. ಹೌದು ಅಂದೆ. ಕುಂತಾಗ ಕಾಲು ಎಲ್ಲಿರ್ತದೆ ಅಂತ ಯಾರೂ ಕೇಳ್ನಿಲ್ಲ.”

“ನಾನು ಕೇಳಬೇಕಾಗಿತ್ತು” ಎಂದೆ.

ಬಾಯಿಂದ ಬಂದದ್ದು ಕನ್ನಡ. ಬೇಕೆಂದು ಆಡಿದ್ದಲ್ಲ. ಗಾರೆಯವನು ಮತ್ತೊಂದು ಬಾಂಡ್ಲಿ ಸುರಿದು ಹೊರಗೆ ಹೋದ. ಆಕೆಯ ಮುಖದಲ್ಲಿ ಮೊದಲು ಅರಳಿದ್ದು ಆಶ್ಚರ್ಯ. ನಮ್ಮವಳೇ ಎಂಬ ಹಿಗ್ಗು. “ನೀವು ಕನ್ನಡದೋರಾ ಅಕ್ಕ?” ಎಂದು ಕೇಳಿ, ಕೂರಲು ಜಾಗ ಮಾಡಿಕೊಡಲು ಪಕ್ಕಕ್ಕೆ ಸರಿದರು. ಸರಿಯುತ್ತಿದ್ದವರು ಅರ್ಧಕ್ಕೆ ನಿಂತರು. ನಾನು ನೋಡುತ್ತಿದ್ದಂತೆಯೇ ಅವರಿಗೆ ಆ ದಿನದ ಕಿಟಕಿ ನೆನಪಾಯಿತು.

“ಅವತ್ತು ನಾವು ಮಾತಾಡಿದ್ದು?”

“ಕೇಳಿಸಿತು.”

ಗಂಡನಿಗೆ ನನ್ನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ನನ್ನ ದನಿ ಬಂದ ಕಡೆಗೆ ತಿರುಗಿ, ನಿಮಗೆ ಎಷ್ಟರವರೆಗೆ ಕೊಡಲು ಹೇಳಿದ್ದರು ಎಂದು ಕೇಳಿದ. ಸುಳ್ಳು ಹೇಳಬಹುದಾಗಿತ್ತು. ಆದರೆ ಹನ್ನೆರಡು ಎಂದೆ. ಅವನು ಬಯ್ಯಲಿಲ್ಲ. ಗೋಡೆಯ ಮೇಲೆ ಕೈಯಾಡಿಸುತ್ತ ಬಾಗಿಲ ತನಕ ಹೋಗಿ, ಹೊರಗಿದ್ದ ಗಾರೆಯವನಿಗೆ ಬೇಗ ಮುಗಿಸಪ್ಪ ಎಂದು ತಮಿಳಿನಲ್ಲಿ ಹೇಳಿದ.

ಕಾಗದಕ್ಕೆ ಆಕೆ ಸಹಿ ಹಾಕಿದರು. ಎಲ್ಲಿ ಎಂದು ಕೇಳಲಿಲ್ಲ. ನಾನು ಬೆರಳಿಟ್ಟು ತೋರಿಸಿದ ಕಡೆ ತಮಿಳಿನಲ್ಲಿ ನಿಧಾನವಾಗಿ ಹೆಸರು ಬರೆದರು. ನಾನು ಕ್ಷಮೆ ಕೇಳಲು ನಾಲ್ಕು ಮಾತು ಜೋಡಿಸಿಕೊಂಡಿದ್ದೆ. ಆಕೆ ಪೆನ್ನನ್ನು ನನಗೆ ಮರಳಿಸಿ, ಮೂರೂವರೆಗೆ ಬಸ್ಸಿದೆ, ಈಗ ಹೊರಟರೆ ಸಿಗುತ್ತದೆ ಎಂದರು.

ಆ ಸಂಜೆ ಕಚೇರಿಗೆ ಬಂದು ಹೊಸದಾಗಿ ಲೆಕ್ಕ ಹಾಕಿದೆ. ಅದೇ ಗಳಿಕೆ, ಅದೇ ಗುಣಕ. ಶೇಕಡಾವಾರು ಮಾತ್ರ, ನೇಯುವ ಕೆಲಸವೇ ಹೋದದ್ದರಿಂದ, ಇಪ್ಪತ್ತರ ಬದಲು ಅರವತ್ತು. ಆಸ್ಪತ್ರೆಯ ಬಿಲ್ಲು ಮೊದಲಾದ ಸಾಲುಗಳೂ ಸೇರಿ ಮೊತ್ತ ಹತ್ತೊಂಬತ್ತು ಲಕ್ಷ ಮೀರಿತು. ತೀರ್ಪಿಗೆ ಹೋಗಿದ್ದರೆ, ಯಾರಾದರೂ ಒಬ್ಬರು ಮಗ್ಗವನ್ನು ಬಲ್ಲವರು ಸಾಕ್ಷಿ ನುಡಿದಿದ್ದರೆ, ಅದರ ಹತ್ತಿರಕ್ಕೆ ಬರಬಹುದಾಗಿತ್ತು. ಆ ಹಾಳೆಯ ಜೊತೆಗೆ, ನಾನು ಬರೆದ ಷರಾ ತಪ್ಪು, ಕಿಟಕಿಯ ಬಳಿಯ ಮಾತು ಕೇಳಿಸಿಕೊಂಡು ಮೊತ್ತ ಹಿಡಿದೆ ಎಂದು ಬರೆದು ಮೇಲಧಿಕಾರಿಗೆ ಕೊಟ್ಟೆ. ವ್ಯತ್ಯಾಸವನ್ನು ಸ್ವಂತ ಇಚ್ಛೆಯಿಂದ ಕೊಡಲು ಕಂಪನಿಗೆ ದಾರಿಯಿದೆಯೇ ಎಂದೂ ಕೇಳಿದ್ದೆ.

ಅವರು ಕೆಟ್ಟವರಲ್ಲ. ಬಾಗಿಲು ಹಾಕಿ ನನ್ನನ್ನು ಕೂರಿಸಿ ಮಾತಾಡಿದರು. ಇಬ್ಬರೂ ಒಪ್ಪಿ ಸಹಿ ಮಾಡಿದ್ದಾರೆ, ಅದಾಲತ್ತಿನ ಆದೇಶ ಕೊನೆಯದು, ವಂಚನೆ ನಡೆದಿದ್ದರೆ ಮಾತ್ರ ಹೈಕೋರ್ಟು ಮುಟ್ಟುತ್ತದೆ, ನೀವು ಯಾರಿಗೂ ಸುಳ್ಳು ಹೇಳಿಲ್ಲವಲ್ಲ ಎಂದರು. ಹುಡುಗ ವಕೀಲನಿಗೂ ಫೋನು ಮಾಡಿ ಎಲ್ಲ ಹೇಳಿದೆ; ಬೇಕಾದರೆ ನನ್ನ ಹೇಳಿಕೆಯನ್ನು ಅಫಿಡವಿಟ್ ಆಗಿ ಕೊಡುತ್ತೇನೆ ಎಂದೆ. ಅವನು ಆ ಕುಟುಂಬವನ್ನು ಒಂದು ಮಾತು ಕೇಳುತ್ತೇನೆ ಎಂದ. ನಾಲ್ಕು ದಿನದ ಮೇಲೆ ಅವನೇ ಫೋನು ಮಾಡಿದ. ಮತ್ತೆ ಕೋರ್ಟು ಬೇಡ ಎಂದು ಆ ಅಮ್ಮ ಹೇಳಿದರಂತೆ. ಗಂಡನಿಗೆ ಮನಸ್ಸಿತ್ತಂತೆ, ಆಕೆ ಒಪ್ಪಲಿಲ್ಲವಂತೆ.

ಅಂದಿನಿಂದ ನೇಕಾರರ ಫೈಲು ಬಂದರೆ ಮೊದಲು ಮಗ್ಗ ನೋಡಿ ಬರುತ್ತೇನೆ. ಅನ್ನೂರಿನ ಮಿಲ್ಲಿನ ಕೆಲಸಗಾರನ ಫೈಲಾದರೆ ಯಂತ್ರದ ಮುಂದೆ ಅರ್ಧ ದಿನ ನಿಲ್ಲುತ್ತೇನೆ. ಇದರಿಂದ ಕೆಲವರಿಗೆ ಸ್ವಲ್ಪ ಹೆಚ್ಚು ಸಿಕ್ಕಿರಬಹುದು. ನೆಗಮಂನ ಆ ಮನೆಗೆ ಅದರಿಂದ ಏನೂ ಆಗಲಿಲ್ಲ.

ಹಣ ಅವರ ಖಾತೆಗೆ ಹೋಗುವಷ್ಟರಲ್ಲಿ ಕಾಲೇಜಿನ ಪ್ರವೇಶ ಮುಗಿದು ಹತ್ತು ದಿನವಾಗಿತ್ತು. ಜಮೆಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ನನ್ನ ಕೆಲಸದ ಭಾಗವೂ ಹೌದು. ಫೋನು ಮಾಡಿದೆ. ಆಕೆಯೇ ಎತ್ತಿದರು. ನಾನು ಕನ್ನಡದಲ್ಲಿ ನನ್ನ ಹೆಸರು ಹೇಳಿ, ದುಡ್ಡು ಬಂತಾ ಅಮ್ಮ ಎಂದು ಕೇಳಿದೆ.

“ಪಣಂ ವಂದುರುಚ್ಚುಂಗ ಮೇಡಂ” ಎಂದರು. ಹಣ ಬಂತು ಮೇಡಂ. ಅಚ್ಚ ತಮಿಳು, ಕಚೇರಿಯವರೊಂದಿಗೆ ಆಡುವ ಮರ್ಯಾದೆಯ ತಮಿಳು.

ಮಗಳ ಓದು ಏನಾಯಿತು ಎಂದು ಕನ್ನಡದಲ್ಲೇ ಕೇಳಿದೆ. ಅವಳು ತಿರುಪ್ಪೂರಿನಲ್ಲೇ ಇರುತ್ತಾಳೆ, ಕೆಲಸ ಕಲಿತುಕೊಂಡಿದ್ದಾಳೆ, ಮನೆಯಲ್ಲಿ ದುಡಿಯುವವರು ಒಬ್ಬರಾದರೂ ಬೇಕಲ್ಲ ಎಂದು ತಮಿಳಿನಲ್ಲಿ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಹಿಂದಿನಿಂದ ಗಂಡ ಯಾರದು ಎಂದು ಕೇಳಿದ್ದು ಕೇಳಿಸಿತು. ಆಕೆ ಫೋನನ್ನು ಕೈಯಿಂದ ಮುಚ್ಚಿ ಅವನಿಗೆ ಏನೋ ಹೇಳಿದರು. ಯಾವ ಭಾಷೆಯಲ್ಲೆಂದು ನನಗೆ ತಿಳಿಯಲಿಲ್ಲ. ಮತ್ತೆ ಫೋನಿಗೆ ಬಂದು, ಇನ್ನೇನಾದರೂ ಕಾಗದಕ್ಕೆ ಸಹಿ ಬೇಕೇ ಎಂದು ಕೇಳಿದರು.

ಏನೂ ಬೇಡಮ್ಮ ಎಂದು ನಾನೂ ತಮಿಳಿನಲ್ಲೇ ಹೇಳಿದೆ.